ಹ್ಯಾಂಕ್ ಆರನ್ ಸತ್ತಿದ್ದು ಲಸಿಕೆಯಿಂದಲೇ? ಅಮೆರಿಕದ ಕಪ್ಪು ಜನರು, ಲ್ಯಾಟಿನೋಗಳು ಲಸಿಕೆಗೆ ಹಿಂಜರಿದದ್ದೇಕೆ?

2021ರ ಜನವರಿ 5ರಂದು ಬೇಸ್‌ಬಾಲ್ ದಿಗ್ಗಜ ಹ್ಯಾಂಕ್ ಆರನ್ ಅಟ್ಲಾಂಟಾದ ಮೋರ್‌ಹೌಸ್ ವೈದ್ಯಕೀಯ ಕಾಲೇಜಿನಲ್ಲಿ ಎಲ್ಲರೆದುರು ಕೋವಿಡ್ ಲಸಿಕೆ ಹಾಕಿಸಿಕೊಂಡರು. ತನ್ನನ್ನು ನೋಡಿ ಉಳಿದ ಕಪ್ಪು ಜನರೂ ಧೈರ್ಯ ಮಾಡಲಿ ಎಂಬುದು ಅವರ ಆಸೆ. ಜನವರಿ 22ರಂದು, 86ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಲಸಿಕೆಯೇ ಅವರನ್ನು ಕೊಂದಿತು ಎಂಬ ಪೋಸ್ಟ್‌ಗಳು ಕೂಡಲೇ ಹರಿದಾಡಿದವು.

ಇದು ಸುಳ್ಳು. ಆರನ್ ಅವರದು ಸಹಜ ಸಾವು, ಲಸಿಕೆಯಿಂದ ಅಲರ್ಜಿ ಆದ ಲಕ್ಷಣವೇನೂ ಕಂಡಿಲ್ಲ ಎಂದು ಅಲ್ಲಿನ ಫುಲ್ಟನ್ ಕೌಂಟಿಯ ವೈದ್ಯಕೀಯ ಪರೀಕ್ಷಕರ ಕಚೇರಿ ಹೇಳಿತು. ಆದರೂ ಅನೇಕರು ಸುಳ್ಳನ್ನೇ ನಂಬಿದರು. ಅವರನ್ನು ದಡ್ಡರು ಎಂದು ತಳ್ಳಿಹಾಕುವ ಮೊದಲು ಅಲಬಾಮಾದ ಟಸ್ಕೀಗಿಯಲ್ಲಿ ನಡೆದದ್ದನ್ನು ತಿಳಿಯಬೇಕು.

1932ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಅಲ್ಲಿ ಸುಮಾರು 600 ಬಡ ಕಪ್ಪು ಗಂಡಸರ ಮೇಲೆ ಅಧ್ಯಯನ ಶುರುಮಾಡಿತು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಇತ್ತು. ಕಾಯಿಲೆ ಏನೆಂದು ಅವರಿಗೆ ಹೇಳಲಿಲ್ಲ. ‘ಕೆಟ್ಟ ರಕ್ತ’ಕ್ಕೆ ಚಿಕಿತ್ಸೆ ಕೊಡುತ್ತಿದ್ದೇವೆ ಎಂದು ನಂಬಿಸಿದರು. 1940ರ ದಶಕದಲ್ಲಿ ಪೆನಿಸಿಲಿನ್ ಬಂತು, ಅದನ್ನೂ ಕೊಡಲಿಲ್ಲ. ಕಾಯಿಲೆ ದೇಹವನ್ನು ಹೇಗೆ ತಿನ್ನುತ್ತದೆ ಎಂದು ನೋಡುತ್ತಾ ಕೂತರು, 40 ವರ್ಷ! 1972ರಲ್ಲಿ ಪತ್ರಿಕೆಗಳು ಬಯಲಿಗೆಳೆದ ಮೇಲೆಯೇ ಅದು ನಿಂತಿದ್ದು. ಸರ್ಕಾರದ ಪರವಾಗಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ.

ಇಲ್ಲೊಂದು ಮಾತು. ‘ಸರ್ಕಾರವೇ ಕಪ್ಪು ಜನರಿಗೆ ಸಿಫಿಲಿಸ್ ಚುಚ್ಚಿತು’ ಎಂಬ ಫಾರ್ವರ್ಡ್ ಇಂದಿಗೂ ಓಡಾಡುತ್ತದೆ. ಚುಚ್ಚಲಿಲ್ಲ. ಮೊದಲೇ ಕಾಯಿಲೆ ಇದ್ದವರಿಗೆ ಔಷಧಿ ತಪ್ಪಿಸಿತು. ಅದೇನೂ ಕಡಿಮೆ ಪಾಪವಲ್ಲ.

ಲ್ಯಾಟಿನೋಗಳ ಕಥೆ ಬೇರೆ. ಕಾಗದಪತ್ರ ಇಲ್ಲದವರಿಗೆ, ಹೆಸರು ವಿಳಾಸ ಕೊಟ್ಟರೆ ಗಡೀಪಾರು ಮಾಡುತ್ತಾರೇನೋ ಎಂಬ ಭಯ. ಲಸಿಕೆ ಉಚಿತ, ವಲಸೆಯ ಸ್ಥಿತಿ ಲೆಕ್ಕಕ್ಕಿಲ್ಲ ಎಂದು ಸರ್ಕಾರ ಹೇಳಿದರೂ ನಂಬಿಕೆ ಬರಬೇಕಲ್ಲ? ಜ್ವರ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ ಎಂಬ ಚಿಂತೆ ಬೇರೆ. 2020ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ ಸಾವಿರಾರು ಜನರಿಗೆ ಕೋವಿಡ್ ಪರೀಕ್ಷೆ ಮಾಡಿದಾಗ ಸೋಂಕು ಪತ್ತೆಯಾದವರಲ್ಲಿ ಶೇ. 95ರಷ್ಟು ಲ್ಯಾಟಿನೋಗಳು. ಅವರಲ್ಲಿ ಬಹುಪಾಲು ಜನರಿಗೆ ಮನೆಯಿಂದ ಕೆಲಸ ಮಾಡುವ ಅನುಕೂಲವೇ ಇರಲಿಲ್ಲ.

ಆ ಪರೀಕ್ಷೆ ನಡೆಸಿದ್ದು ‘ಯುನಿಡೋಸ್ ಎನ್ ಸಲೂದ್’. ಸ್ಥಳೀಯ ಲ್ಯಾಟಿನೋ ಸಂಘಟನೆ ಮತ್ತು ವಿಶ್ವವಿದ್ಯಾಲಯದ ವೈದ್ಯರು ಸೇರಿ ಕಟ್ಟಿದ್ದು. 2021ರಲ್ಲಿ ಅದೇ ಬಡಾವಣೆಯ ಬೀದಿಯಲ್ಲಿ ಲಸಿಕೆ ಕೇಂದ್ರವನ್ನೂ ತೆರೆದರು. ಮಾತು ಸ್ಪ್ಯಾನಿಷ್‌ನಲ್ಲಿ. ಲಸಿಕೆ ಹಾಕಿಸಿಕೊಂಡವರಿಗೆ ‘ನಿಮ್ಮ ಮನೆಯವರನ್ನೂ, ಗೆಳೆಯರನ್ನೂ ಕರೆತನ್ನಿ’ ಎಂದು ಹೇಳಿ ಕಳಿಸುತ್ತಿದ್ದರು.

ಫಿಲಡೆಲ್ಫಿಯಾದಲ್ಲಿ ಮಕ್ಕಳ ಶಸ್ತ್ರಚಿಕಿತ್ಸಕಿ ಡಾ. ಆಲಾ ಸ್ಟ್ಯಾನ್‌ಫರ್ಡ್ ಕಪ್ಪು ವೈದ್ಯರ ತಂಡ ಕಟ್ಟಿ, ಚರ್ಚ್‌ಗಳ ಪಾರ್ಕಿಂಗ್ ಜಾಗದಲ್ಲೇ ಪರೀಕ್ಷೆ ಶುರುಮಾಡಿದರು. ಲಸಿಕೆ ಬಂದ ಮೇಲೆ, 2021ರ ಫೆಬ್ರವರಿಯಲ್ಲಿ, 24 ಗಂಟೆ ಬಿಡುವಿಲ್ಲದೆ ಲಸಿಕೆ ಶಿಬಿರ ನಡೆಸಿದರು. ರಾತ್ರಿ ಪಾಳಿಯವರೂ ಬರಬಹುದಾಗಿತ್ತು.

ನಮಗೆ ಬಹಳ ಹಿಡಿಸಿದ್ದು ಕಟಿಂಗ್ ಶಾಪ್‌ಗಳ ಪ್ರಯೋಗ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸ್ಟೀಫನ್ ಥಾಮಸ್ ಅವರ ತಂಡ ಕೋವಿಡ್‌ಗೂ ಮೊದಲಿನಿಂದ ಕ್ಷೌರಿಕರಿಗೆ ಆರೋಗ್ಯದ ತರಬೇತಿ ಕೊಡುತ್ತಿತ್ತು. 2021ರ ಜೂನ್‌ನಲ್ಲಿ ಶ್ವೇತಭವನವೂ ಕೈಜೋಡಿಸಿ, ದೇಶದಾದ್ಯಂತ ಸುಮಾರು 1,000 ಕಪ್ಪು ಜನರ ಸಲೂನ್, ಬ್ಯೂಟಿ ಪಾರ್ಲರ್‌ಗಳನ್ನು ಸೇರಿಸಿಕೊಳ್ಳುವ ಯೋಜನೆ ಪ್ರಕಟಿಸಿತು. ತಲೆ ಕೊಟ್ಟು ಕೂತ ಗಿರಾಕಿಗೆ ಅರ್ಧ ಗಂಟೆ ಪುರುಸೊತ್ತು, ಎದುರಿಗೆ ವರ್ಷಗಳಿಂದ ಪರಿಚಯದ ಮುಖ. ಕೇಳಲು ನಾಚಿಕೆಯಾಗುವ ಪ್ರಶ್ನೆಯೂ ಅಲ್ಲಿ ಬಾಯಿಗೆ ಬರುತ್ತದೆ.

ಫಲ ಸಿಕ್ಕಿತೇ? 2021ರ ಆರಂಭದಲ್ಲಿ ಬಿಳಿಯರಿಗೂ ಈ ಸಮುದಾಯಗಳಿಗೂ ಲಸಿಕೆ ಪ್ರಮಾಣದಲ್ಲಿ ದೊಡ್ಡ ಅಂತರವಿತ್ತು, ವರ್ಷ ಕಳೆಯುವಷ್ಟರಲ್ಲಿ ಅದು ಬಹಳ ಇಳಿಯಿತು. ಪೂರ್ತಿ ಕೀರ್ತಿ ಈ ಶಿಬಿರಗಳಿಗೇ ಎನ್ನಲಾಗದು. ಲಸಿಕೆಯ ಪೂರೈಕೆ ಹೆಚ್ಚಿತ್ತು, ಕೆಲವು ಕಂಪನಿಗಳು ಕಡ್ಡಾಯವನ್ನೂ ಮಾಡಿದ್ದವು. ಮೊದಲು ‘ಸ್ವಲ್ಪ ಕಾದು ನೋಡೋಣ’ ಎಂದವರಲ್ಲಿ ಎಷ್ಟೋ ಜನ, ತಮ್ಮ ಅಕ್ಕಪಕ್ಕದವರು ಹಾಕಿಸಿಕೊಂಡು ಚೆನ್ನಾಗಿರುವುದನ್ನು ಕಂಡ ಮೇಲೆ ತಾವೂ ಸಾಲಿನಲ್ಲಿ ನಿಂತರು.