ಎಕರೆಗೆ ಆರು ಡಾಲರು

ಬ್ಯಾಂಕಿನ ಗುಮಾಸ್ತನಾದ ನನಗೆ ಚರಿತ್ರೆಯಲ್ಲೂ ಮೊದಲು ಕಾಣುವುದು ಜಮಾಖರ್ಚು. 1834ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫ್ರೆಡರಿಕ್ ವೇಯರ್‌ಹೌಸರ್ 1852ರಲ್ಲಿ ಅಮೆರಿಕಕ್ಕೆ ಬಂದ. 1860ರಲ್ಲಿ ಷಡ್ಡಕ ಡೆಂಕ್‌ಮನ್ ಜತೆ ರಾಕ್ ಐಲೆಂಡಿನಲ್ಲಿ ಮರದ ಮಿಲ್ಲೊಂದನ್ನು ಕೊಂಡ. ವಿಸ್ಕಾನ್ಸಿನ್, ಮಿನೆಸೋಟಗಳ ಬಿಳಿ ಪೈನ್ ದಿಮ್ಮಿಗಳು ಹೊಳೆಯಲ್ಲಿ ತೇಲಿ ಮಿಸಿಸಿಪ್ಪಿ ದಡದ ಮಿಲ್ಲುಗಳನ್ನು ಸೇರಿದವು. ಆ ಕಾಡು ಬರಿದಾಗುತ್ತ ಬಂದಾಗ, 1900ರಲ್ಲಿ, ಪಾಲುದಾರರೊಡನೆ ದೂರದ ವಾಷಿಂಗ್ಟನ್ ರಾಜ್ಯದಲ್ಲಿ 9 ಲಕ್ಷ ಎಕರೆ ಕಾಡು ಕೊಂಡ. ಎಕರೆಗೆ 6 ಡಾಲರಿನಂತೆ ಒಟ್ಟು 54 ಲಕ್ಷ. ಮಾರಿದ್ದು ನಾರ್ದರ್ನ್ ಪೆಸಿಫಿಕ್ ರೈಲ್ವೆ. ಹಳಿ ಹಾಕಲೆಂದು ಸರಕಾರ ಅದಕ್ಕೆ ಪುಕ್ಕಟೆ ಕೊಟ್ಟ ನೆಲವದು; ಅದಕ್ಕೂ ಮೊದಲು ಅಲ್ಲಿನ ಮೂಲನಿವಾಸಿಗಳದ್ದು. 1914ರಲ್ಲಿ ವೇಯರ್‌ಹೌಸರ್ ತೀರಿಕೊಂಡ.

ಕೂಡಿ ನೋಡಿದರೆ ಲೆಕ್ಕ ತಪ್ಪಿಲ್ಲ. ಆದರೆ ನೂರಾರು ವರ್ಷ ಬೆಳೆದ ಮರದ ವಯಸ್ಸನ್ನು ಬರೆಯಲು ನಮ್ಮ ಲೆಡ್ಜರಿನಲ್ಲಿ ಕಾಲಮ್ಮೇ ಇಲ್ಲ.