ಬೇಲಿ ನೋಡೋರು ಯಾರು?

ಸಿಡ್ನಿಯಲ್ಲಿರುವ ಅಕ್ಕನ ಮಗ ಮನೆ ಕೊಂಡಿದ್ದಾನೆ. ಹಿತ್ತಲಲ್ಲಿ ಈಜುಕೊಳ ಇರುವ ಮನೆ. ಹೋದ ತಿಂಗಳು ಫೋನ್ ಮಾಡಿದಾಗ ಅವನದು ಒಂದೇ ಗೋಳು.

"ಮಾಮಾ, ಕಾಗದ-ಪತ್ರ ಎಲ್ಲಾ ಸರಿ ಅದಾವ. ಈಜುಕೊಳದ ಬೇಲಿನೇ ಪಾಸಾಗಿಲ್ಲ. ಗೇಟು ತಾನಾಗೇ ಮುಚ್ಚಂಗಿಲ್ಲ ಅಂತ ನೋಡ್ಲಿಕ್ಕ ಬಂದಾಂವ ಬರದು ಹೋಗ್ಯಾನ. 90 ದಿನದಾಗ ನಾನೇ ರಿಪೇರಿ ಮಾಡಿಸಬೇಕಂತ."

ಸ್ಪೀಕರ್ ಹಾಕಿದ್ದೆ. ಪಕ್ಕದಲ್ಲಿ ಕೂತಿದ್ದ ತಮ್ಮ ನಕ್ಕುಬಿಟ್ಟ. "ಬೇಲಿಗೂ ಪರೀಕ್ಷಾ ಏನೋ? ನಮ್ಮ ಕೊಡ್ಲ್ಯಾಗ ಬೇಲಿ ಎಲ್ಲಿ ಮುರದದ ಅಂತ ನೋಡ್ಲಿಕ್ಕ ದನಾನೇ ಬರ್ತಾವ."

ನಾನೂ ನಗಬೇಕಿತ್ತು. ನಗು ಬರಲಿಲ್ಲ. ನನಗೆ ಖಣಿ ನೆನಪಾಗಿತ್ತು.

ನಮ್ಮ ಸೋದರಮಾವನ ಊರು ಶಹಾಬಾದ ಕಡೆಯದು. ನಾನು ಏಳನೇ ಇಯತ್ತೆಯಲ್ಲಿದ್ದಾಗ ಬ್ಯಾಸಗಿ ಸೂಟಿಗೆ ಅಲ್ಲಿಗೆ ಹೋಗಿದ್ದೆ. ಊರ ಹೊರಗೆ ಫರಸಿ ಕಲ್ಲು ತೆಗೆದು ಬಿಟ್ಟ ಖಣಿ. ಒಳಗೆ ಹಸಿರು ನೀರು. ಬಿಸಿಲಿಗೆ ನೆಲ ಸುಡುವಾಗ ಅದಕ್ಕಿಂತ ಚೆಂದದ ಜಾಗ ಇನ್ನೊಂದಿರಲಿಲ್ಲ. ಕೆರೆಗಾದರೆ ಇಳಿಜಾರು ದಂಡೆ ಇರುತ್ತದೆ; ಖಣಿಗೆ ಅದಿಲ್ಲ. ಕಲ್ಲು ಪದರು ಪದರಾಗಿ ಬಿಡಿಸಿದ್ದರಿಂದ ಗೋಡೆ ನೆಟ್ಟಗೆ ಇಳಿದಿರುತ್ತದೆ. ಕಾಲು ಜಾರಿದವನಿಗೆ ಹಿಡಿಯಲು ಏನೂ ಸಿಗುವುದಿಲ್ಲ. ನನಗಿಂತ ಒಂದು ವರ್ಷ ಸಣ್ಣವನಾಗಿದ್ದ ಮಾವನ ಮಗ ಅವತ್ತು ಒಬ್ಬನೇ ಹೋಗಿದ್ದ. ಚಪ್ಪಲಿ ದಂಡೆ ಮೇಲಿದ್ದವು.

"ಆ ಖಣಿ ವರ್ಷಕ್ಕೊಂದು ಬಲಿ ಕೇಳತದ" ಅಂದರು ಹಿರಿಯರು. ಖಣಿಯ ಮಾಲೀಕನನ್ನು ಯಾರೂ ಏನೂ ಕೇಳಲಿಲ್ಲ. ಬೇಲಿ ಯಾಕೆ ಇರಲಿಲ್ಲ ಅನ್ನುವ ಮಾತೇ ಬರಲಿಲ್ಲ. ನಾನೂ ಎಷ್ಟೋ ವರ್ಷ ಅದನ್ನು ಬಲಿ ಅಂತಲೇ ನಂಬಿದ್ದೆ.

ಹಾಗಂತ ನಮ್ಮ ಜನಕ್ಕೆ ನೀರಿಗೆ ಅಡ್ಡ ಕಟ್ಟುವುದು ಗೊತ್ತಿರಲಿಲ್ಲ ಅಂತಲ್ಲ. ಸೇದೋ ಬಾವಿಗೆ ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಗಡಗಡಿ. ಕಲ್ಲೊಂದು ಸಡಿಲಾದರೆ ಬೆಳಿಗ್ಗೆ ನೀರಿಗೆ ಬಂದ ಹೆಣ್ಣುಮಕ್ಕಳಿಗೆ ಮೊದಲು ಗೊತ್ತಾಗುತ್ತಿತ್ತು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ದಿನಾ ನೀರು ಸೇದುವವರೇ ದಿನಾ ನೋಡುವವರೂ ಆಗಿದ್ದರು.

ಪಾವಟಿಗೆ ಬಾವಿಯ ಕಥೆ ಬೇರೆ. ಅದರಲ್ಲಿ ಮೆಟ್ಟಿಲಿಳಿದು, ಕಾಲು ನೀರಲ್ಲಿಟ್ಟು ಕೊಡ ತುಂಬಬೇಕು. ನಮ್ಮಜ್ಜಿಯ ಹರಡಿನ ಹತ್ತಿರ ಒಂದು ಕಲೆ ಇತ್ತು. ನಾರುಹುಣ್ಣಿನದು. ಈಗಿನವರಿಗೆ ಆ ಹೆಸರೂ ಗೊತ್ತಿಲ್ಲ. ಹುಣ್ಣಾದ ಕಾಲು ನೀರಿಗೆ ತಾಗಿದರೆ ಹುಳ ಮರಿ ಬಿಡುತ್ತದೆ. ಆ ಮರಿಗಳನ್ನು ನೀರಿನ ಸಣ್ಣ ಚಿಗಟ ನುಂಗುತ್ತದೆ, ಚಿಗಟ ಇರುವ ನೀರನ್ನು ಮನುಷ್ಯ ಕುಡಿಯುತ್ತಾನೆ. ಹೆಚ್ಚುಕಮ್ಮಿ ಒಂದು ವರ್ಷದ ಮೇಲೆ ಅವನ ಕಾಲಿನಿಂದ ಮೊಳಗಟ್ಟಲೆ ಉದ್ದದ ಹುಳ ಹೊರಬರುತ್ತದೆ. ಔಷಧಿ ಇಲ್ಲ, ಲಸಿಕೆಯೂ ಇಲ್ಲ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಅಂತ ಎಳೆಯಬೇಕು.

1983-84ರಲ್ಲಿ ದೇಶದಲ್ಲಿ ನಾರುಹುಣ್ಣು ನಿರ್ಮೂಲನೆಯ ಕಾರ್ಯಕ್ರಮ ಶುರುವಾಯಿತು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂದರು, ನೀರಿಗೆ ಔಷಧಿ ಹಾಕಿದರು, ಪಾವಟಿಗೆ ಬಾವಿಗಳಿಗೆ ಕಟ್ಟೆ ಕಟ್ಟಿ ಸೇದೋ ಬಾವಿ ಮಾಡಿದರು. ಇಲ್ಲಿ ಕಟ್ಟೆ ಕಟ್ಟಿದ್ದು ಮನುಷ್ಯ ನೀರಿಗೆ ಬೀಳಬಾರದೆಂದಲ್ಲ, ಮನುಷ್ಯನ ಕಾಲು ನೀರಿಗೆ ತಾಗಬಾರದೆಂದು. ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಆರೋಗ್ಯ ಇಲಾಖೆಯವರು ಊರೂರಿಗೆ, ಮನೆಮನೆಗೆ ಮತ್ತೆ ಮತ್ತೆ ಬಂದು ಯಾರಿಗಾದರೂ ಹುಣ್ಣಾಗಿದೆಯಾ ಅಂತ ಕೇಳಿದರು. ದೇಶದ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. ಆದರೂ ರೋಗ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಿದ್ದು 2000ದ ಫೆಬ್ರವರಿಯಲ್ಲಿ. ಒಂದೂ ರೋಗಿ ಇಲ್ಲದೆ ಮೂರು ವರ್ಷವಾದರೂ ಹುಡುಕುತ್ತಲೇ ಇರಬೇಕು ಅನ್ನುವುದು ನಿಯಮ.

ಖಣಿಗಳ ಹತ್ತಿರ ಹೀಗೆ ಮತ್ತೆ ಮತ್ತೆ ಬಂದು ನೋಡುವವರು ಇರಲಿಲ್ಲ. 1871ರ ಹೊತ್ತಿಗೆ ಮುಂಬಯಿ–ಮದ್ರಾಸ್ ರೈಲು ಶಹಾಬಾದ, ವಾಡಿ ಹಾಯ್ದು ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಬಂತು. ನಮ್ಮ ನೆಲದ ಕಲ್ಲು ರೈಲು ಹತ್ತಿ ದೂರದೂರದ ಮನೆಗಳ ನೆಲವಾಯಿತು. ಆಮೇಲೆ ಸಿಮೆಂಟ್ ಕಾರ್ಖಾನೆಗಳು ಬಂದವು. ಕಲ್ಲು ಹೋಯಿತು, ಗುಂಡಿ ಉಳಿಯಿತು, ಮಳೆ ಅದನ್ನು ತುಂಬಿತು.

ಕಾಯ್ದೆ ಇದೆಯಾ? ಇದೆ. 2025ರವರೆಗೆ ಅದು 1952ರ ಗಣಿ ಕಾಯ್ದೆ, ಅದರಡಿ 1961ರ ನಿಯಮಾವಳಿ. ತೆರೆದ ಗಣಿಯ ಬಾಯಿಗೆ ಭದ್ರವಾದ ಬೇಲಿ ಇರಲೇಬೇಕು ಅನ್ನುತ್ತಿತ್ತು ಅದು. ಆದರೆ ಅದೇ ಕಾಯ್ದೆಯ 3ನೇ ಕಲಮು ಓದಿ ನೋಡ್ರಿ. ಕಟ್ಟಡದ ಕಲ್ಲು, ಸುಣ್ಣದಕಲ್ಲಿನಂಥವನ್ನು ತೆಗೆಯುವ ತೆರೆದ ಗಣಿಯ ಆಳ 6 ಮೀಟರ್ ದಾಟದೆ, ಯಾವ ದಿನವೂ 50ಕ್ಕಿಂತ ಹೆಚ್ಚು ಆಳು ಇಲ್ಲದೆ, ಮದ್ದು ಸಿಡಿಸದೆ ಇದ್ದರೆ ಕಾಯ್ದೆಯ ಬಹುಪಾಲು ಕಲಮುಗಳು ಅದಕ್ಕೆ ಅನ್ವಯಿಸುತ್ತಲೇ ಇರಲಿಲ್ಲ. ಸುತ್ತಿಗೆ-ಉಳಿಯಲ್ಲಿ ಫರಸಿ ಎಬ್ಬಿಸುವ ಸಣ್ಣ ಖಣಿ ಹೀಗೆ ಹೊರಗೆ ಉಳಿಯುತ್ತಿತ್ತು. 6 ಮೀಟರ್ ಅಂದರೆ ಹತ್ತಿರ ಹತ್ತಿರ 20 ಅಡಿ. ಹತ್ತು ವರ್ಷದ ಹುಡುಗ ಮುಳುಗಲು ಐದಡಿ ಸಾಕು.

ಇನ್ನೊಂದು ಕಾಯ್ದೆ ಇದಕ್ಕಿಂತ ಹಳೆಯದು. ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು. ದಾರಿಯ ಅಥವಾ ಸಾರ್ವಜನಿಕ ಜಾಗದ ಪಕ್ಕದ ಕೆರೆ, ಬಾವಿ, ಅಗೆದ ಗುಂಡಿಗೆ ಬೇಲಿ ಹಾಕು ಅಂತ ಮ್ಯಾಜಿಸ್ಟ್ರೇಟರು ಮಾಲೀಕನಿಗೆ ಆದೇಶ ಕೊಡಬಹುದು. 1973ರ ಸಂಹಿತೆಯಲ್ಲೂ ಅದೇ ನಂಬರಿನಲ್ಲಿ ಉಳಿಯಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 152. ಪೊಲೀಸರ ವರದಿಯೇ ಆಗಬೇಕೆಂದಿಲ್ಲ, ಬೇರೆ ಮಾಹಿತಿ ಬಂದರೂ ಸಾಕು. ಅಂದರೆ ನೀವೋ ನಾನೋ ಎಸಿ ಸಾಹೇಬರಿಗೆ ಒಂದು ಅರ್ಜಿ ಬರೆಯಬಹುದು. ನಮ್ಮ ಮಾವನಿಗೆ ಇದು ಗೊತ್ತಿರಲಿಲ್ಲ.

ಕೊಳವೆಬಾವಿಗೂ ಕಾಯ್ದೆ ಬಂದಿದ್ದು ಮಕ್ಕಳು ಸತ್ತ ಮೇಲೆಯೇ. 2010ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಕೊರೆಸುವ 15 ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು, ಸುತ್ತ ಮುಳ್ಳುತಂತಿ ಹಾಕಬೇಕು, ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಕಟ್ಟಬೇಕು, ನೀರು ಬರದಿದ್ದರೆ ತಳದಿಂದ ನೆಲದ ಮಟ್ಟದವರೆಗೂ ಮುಚ್ಚಬೇಕು. ಇಷ್ಟಾಗಿಯೂ 2014ರಲ್ಲಿ ಬಾದಾಮಿ ತಾಲೂಕಿನ ಸೂಳಿಕೇರಿಯಲ್ಲಿ ಒಂದು ಮಗು ಬಿದ್ದು ಸತ್ತಿತು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬಿದ್ದ ಮಗು ಪುಣ್ಯಕ್ಕೆ ಜೀವಂತ ಬಂತು.

ಇಷ್ಟು ಹಿಂದುಮುಂದು ನೋಡಿದ ಮೇಲೆ ಅಕ್ಕನ ಮಗನ ಗೋಳು ನನಗೆ ಬೇರೆ ಥರಾ ಕಂಡಿತು. ಅವನಿರುವ ನ್ಯೂ ಸೌತ್ ವೇಲ್ಸ್‌ನಲ್ಲಿ 1992ರಿಂದ ಈಜುಕೊಳದ ಕಾಯ್ದೆ ಇದೆ. ಬೇಲಿ ಕನಿಷ್ಠ 1.2 ಮೀಟರ್ ಎತ್ತರ ಇರಬೇಕು. ಕೆಳಗಿನ ಸಂದಿ 10 ಸೆಂಟಿಮೀಟರ್ ಮೀರಬಾರದು. ಗೇಟು ಕೊಳದ ಕಡೆ ತೆರೆಯಬಾರದು, ಹೊರಗೇ ತೆರೆಯಬೇಕು. ಕೈಬಿಟ್ಟರೆ ತಾನಾಗಿ ಮುಚ್ಚಿ ಚಿಲಕ ಬೀಳಬೇಕು. ಮಗು ಹತ್ತುವಂಥ ಕುರ್ಚಿ, ಕುಂಡ ಬೇಲಿಯ ಹತ್ತಿರ ಇಡುವಂತಿಲ್ಲ. ಬೇಲಿ ಹಾಕಿದ ಮೇಲೂ ಸ್ಪ್ರಿಂಗ್ ಸಡಿಲಾಗುತ್ತದೆ, ಗಿಡ ಬೆಳೆದು ಏಣಿಯಾಗುತ್ತದೆ, ನೆಲ ಕುಸಿದು ಸಂದಿ ಬೀಳುತ್ತದೆ. ಅದಕ್ಕೇ 2013ರಲ್ಲಿ ಪ್ರತಿ ಈಜುಕೊಳವನ್ನೂ ನೋಂದಾಯಿಸಿ ಅಂದರು. 2016ರಿಂದ ಬೇಲಿಯ ಕಾಗದ ಇಲ್ಲದೆ ಅಂಥ ಮನೆ ಮಾರುವಂತಿಲ್ಲ. ಪಾಸಾದ ಸರ್ಟಿಫಿಕೇಟಿಗೂ ಆಯುಷ್ಯ ಮೂರೇ ವರ್ಷ.

ನಾರುಹುಣ್ಣಿಗೆ ಮೂರು ವರ್ಷ, ಬೇಲಿಗೂ ಮೂರು ವರ್ಷ. ಎರಡೂ ಕಡೆ ಕಟ್ಟುವುದಕ್ಕಿಂತ ಮತ್ತೆ ಬಂದು ನೋಡುವುದೇ ದೊಡ್ಡ ಕೆಲಸ. ಊರಿಗೆ ನಳ ಬಂದ ಮೇಲೆ ನಮ್ಮ ಸೇದೋ ಬಾವಿ ಹತ್ತಿರ ಯಾರೂ ಹೋಗಲಿಲ್ಲ. ಕಟ್ಟೆ ಬಿದ್ದದ್ದು ಆಗಲೇ.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. "ಅದೆಲ್ಲಾ ಈಜುಕೊಳ ಇದ್ದವರಿಗಿ ಬಿಡಣ್ಣ, ನಮಗ್ಯಾಕ?" ಅಂದ.

"ನಿನ್ನ ಹೊಲದಾಗಿಂದು ಏನು?" ಅಂದೆ.

ಸುಮ್ಮನಾದ. ಅವನ ಹೊಲದಲ್ಲಿ ಕೃಷಿ ಹೊಂಡ ಇದೆ. ತಳಕ್ಕೆ ಕರಿ ಪ್ಲಾಸ್ಟಿಕ್ ಹಾಸಿದ್ದಾನೆ. ಒದ್ದೆಯಾದರೆ ಅದು ಎಣ್ಣೆ ಹಚ್ಚಿದಂತೆ ಜಾರುತ್ತದೆ. ಈಜು ಬರುವವನೂ ಹತ್ತಿ ಬರಲಾರ. ಸುತ್ತ ತಂತಿಬೇಲಿ ಹಾಕಿಸಿದ್ದ, ಅವತ್ತು ಅದರ ಮುಂದೆ ನಿಂತು ಫೋಟೊನೂ ತೆಗೆಸಿಕೊಂಡಿದ್ದ. ಮರುದಿನ ಇಬ್ಬರೂ ಟೇಪು ಹಿಡಿದು ಹೋದೆವು. ಪೈಪು ಹಾಯಿಸಲು ಅವನೇ ಒಂದು ಮೂಲೆಯಲ್ಲಿ ಕೆಳಗಿನ ಎರಡು ತಂತಿ ಕತ್ತರಿಸಿದ್ದ. ಅಳೆದರೆ ಸಂದಿ 42 ಸೆಂಟಿಮೀಟರ್. ಅವನ ಮೊಮ್ಮಗನಿಗೆ ಈಗ ನಾಲ್ಕು ವರ್ಷ. ತಮ್ಮ ಆ ಸಂದಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಮಾತಾಡಲಿಲ್ಲ.

ಅವತ್ತೇ ತಂತಿ ಬಿಗಿದೆವು. ಹೊಂಡದ ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ದಂಡೆಯ ಮೇಲೆ ಹಳೇ ಟ್ಯೂಬೊಂದನ್ನು ಗಾಳಿ ತುಂಬಿ ಇಟ್ಟೆವು. ವರ್ಷಕ್ಕೆರಡು ಸಲ ನೋಡುವುದೆಂದು ಗೊತ್ತುಮಾಡಿಕೊಂಡಿದ್ದೇವೆ: ಮಳೆಗೆ ಮುಂಚೆ ಕಾರಹುಣ್ಣಿಮೆಗೊಮ್ಮೆ, ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಇನ್ನೊಮ್ಮೆ. ಎಳ್ಳ ಅಮಾವಾಸ್ಯೆಗೆ ಭಜ್ಜಿ-ರೊಟ್ಟಿ ಕಟ್ಟಿಕೊಂಡು ಮನೆಮಂದಿಯೆಲ್ಲಾ ಹೊಲಕ್ಕೆ ಬರುತ್ತಾರೆ, ಮಕ್ಕಳೂ ಬರುತ್ತಾರೆ. ನಿಮ್ಮ ಹೊಲದಲ್ಲೂ ಹೊಂಡ ಇದ್ದರೆ, ಈ ಸಲ ಬುತ್ತಿ ಬಿಚ್ಚುವ ಮುಂಚೆ ಬೇಲಿ ಸುತ್ತ ಒಂದು ಸುತ್ತು ಹಾಕಿ ಬರ್ರಿ.