ಸೈನಿಕನ ಊರು ಯಾವುದು?

1932ರ ಬೇಸಿಗೆಯಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸಾವಿರಾರು ಮಾಜಿ ಸೈನಿಕರು ಗುಡಿಸಲು ಹಾಕಿಕೊಂಡು ಕುಳಿತಿದ್ದರು. ಮೊದಲ ಮಹಾಯುದ್ಧದಲ್ಲಿ ದುಡಿದವರು ಅವರು. 1924ರಲ್ಲಿ ಸರಕಾರ ಅವರಿಗೆ ಬೋನಸ್ ಘೋಷಿಸಿತ್ತು. ಆದರೆ ಅದು ಕೈಸೇರಬೇಕಾಗಿದ್ದದ್ದು 1945ರಲ್ಲಿ! ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರು ಅದನ್ನು ಈಗಲೇ ಕೊಡಿ ಎಂದು ಕೇಳಿದರು. ಜುಲೈ 28ರಂದು ಜನರಲ್ ಮೆಕಾರ್ಥರ್ ನೇತೃತ್ವದ ಸೇನೆ ಅಶ್ರುವಾಯು ಸಿಡಿಸಿ ಅವರನ್ನು ಓಡಿಸಿತು. ಗುಡಿಸಲುಗಳು ಸುಟ್ಟುಹೋದವು. ದೇಶಕ್ಕಾಗಿ ಹೋರಾಡಿದವರ ಮೇಲೆ ದೇಶದ ಸೇನೆಯನ್ನೇ ಕಳಿಸಿದ ಆ ದಿನವನ್ನು ಅಮೆರಿಕನ್ನರು ಬೇಗ ಮರೆಯಲಿಲ್ಲ.

ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರ ಜೂನ್ 22ರಂದು, ಅಧ್ಯಕ್ಷ ರೂಸ್‌ವೆಲ್ಟ್ ಹೊಸ ಕಾನೂನೊಂದಕ್ಕೆ ಸಹಿ ಹಾಕಿದರು. ಜನ ಅದನ್ನು 'ಜಿಐ ಬಿಲ್' ಎಂದು ಕರೆದರು. ಮರಳಿದ ಸೈನಿಕ ಕಾಲೇಜು ಸೇರಿದರೆ ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕವನ್ನು ಸರಕಾರವೇ ಕಟ್ಟುತ್ತಿತ್ತು. ಜೀವನ ವೆಚ್ಚಕ್ಕೆ ಒಂಟಿಯಾಗಿದ್ದವನಿಗೆ ತಿಂಗಳಿಗೆ 50, ಕುಟುಂಬ ಇದ್ದವನಿಗೆ 75 ಡಾಲರ್. ಸುಮಾರು 22 ಲಕ್ಷ ಮಂದಿ ಇದರಿಂದ ಕಾಲೇಜಿನ ಮೆಟ್ಟಿಲು ಹತ್ತಿದರು. ರೈತರ, ಕಾರ್ಮಿಕರ ಮನೆಗಳಿಗೆ ಮೊದಲ ಪದವಿ ಬಂದದ್ದು ಹೀಗೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ? ಕಾನೂನಿನಲ್ಲಿ ಬಣ್ಣದ ಮಾತಿರಲಿಲ್ಲ. ಅದನ್ನು ಜಾರಿಗೊಳಿಸುವ ಅಧಿಕಾರ ಬಹುಮಟ್ಟಿಗೆ ಸ್ಥಳೀಯರ ಕೈಯಲ್ಲಿತ್ತು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಕಾಲೇಜುಗಳು ಕಪ್ಪು ಸೈನಿಕನಿಗೆ ಬಾಗಿಲು ತೆರೆಯಲಿಲ್ಲ. ಕಪ್ಪು ಜನರ ಕಾಲೇಜುಗಳು ಸ್ಥಳವಿಲ್ಲದೆ ಸಾವಿರಾರು ಮಂದಿಯನ್ನು ಹಿಂದಕ್ಕೆ ಕಳಿಸಿದವು. ಒಂದೇ ಸಮವಸ್ತ್ರ ತೊಟ್ಟು ಹೋದವರು ಎರಡು ಬೇರೆ ದೇಶಗಳಿಗೆ ಮರಳಿದಂತಾಯಿತು.

ಇನ್ನೊಂದು ಗೋಡೆ ಇಷ್ಟು ಎದ್ದು ಕಾಣುವಂಥದ್ದಲ್ಲ. ಅದು ವಿಳಾಸದ ಗೋಡೆ. ಅಮೆರಿಕದಲ್ಲಿ ಸರಕಾರಿ ವಿಶ್ವವಿದ್ಯಾಲಯಗಳನ್ನು ಸಾಕುವುದು ಆಯಾ ರಾಜ್ಯದ ತೆರಿಗೆ. ಹಾಗಾಗಿ ಆ ರಾಜ್ಯದ ನಿವಾಸಿಗಳಿಗೆ ಕಡಿಮೆ ಶುಲ್ಕ. ಹೊರಗಿನವರಿಗೆ ಅದು ಎಷ್ಟೋ ಕಡೆ ಎರಡು ಮೂರು ಪಟ್ಟು. ನಿವಾಸಿ ಎನಿಸಿಕೊಳ್ಳಲು ಸಾಮಾನ್ಯವಾಗಿ ಒಂದು ವರ್ಷವಾದರೂ ಅಲ್ಲಿ ನೆಲೆಸಿರಬೇಕು. ತೆರಿಗೆ ಕಟ್ಟಿದವರ ಮಕ್ಕಳಿಗೆ ಮೊದಲ ಹಕ್ಕು ಎಂಬ ವಾದದಲ್ಲಿ ನ್ಯಾಯವಿಲ್ಲ ಎನ್ನಲಾಗದು. ಆದರೆ ಕೆಲವೇ ವರ್ಷಗಳಿಗೊಮ್ಮೆ ಒಂದು ನೆಲೆಯಿಂದ ಇನ್ನೊಂದಕ್ಕೆ ವರ್ಗವಾಗುವ ಸೈನಿಕನ ಊರು ಯಾವುದು? ಹುಟ್ಟಿದ್ದೇ? ಸೇನೆ ಸೇರಿದ್ದೇ? ಅಥವಾ ಹೆಂಡತಿ ಮಕ್ಕಳೊಂದಿಗೆ ಈಗ ಬಾಡಿಗೆ ಕಟ್ಟುತ್ತಿರುವುದೇ?

ಸೈನಿಕನನ್ನು ಕೆಲವು ರಾಜ್ಯಗಳು ಹೇಗೆ ನೋಡುತ್ತಿದ್ದವು ಎಂಬುದಕ್ಕೆ ಒಂದು ಮೊಕದ್ದಮೆ ಸಾಕ್ಷಿ. ಸಾರ್ಜೆಂಟ್ ಕ್ಯಾರಿಂಗ್ಟನ್ ಅಲಬಾಮಾದಿಂದ ಸೇನೆ ಸೇರಿದವರು. ಟೆಕ್ಸಾಸಿನ ಎಲ್ ಪಾಸೊದಲ್ಲಿ ಮನೆ, ಸಣ್ಣ ವ್ಯಾಪಾರ, ಹೆಂಡತಿ ಮತ್ತು ಇಬ್ಬರು ಮಕ್ಕಳು. ಆಸ್ತಿ ತೆರಿಗೆಯನ್ನೂ ಅಲ್ಲೇ ಕಟ್ಟುತ್ತಿದ್ದರು. ಆದರೆ ಹೊರಗಿನಿಂದ ಬಂದ ಸೈನಿಕ ಸೇನೆಯಲ್ಲಿರುವಷ್ಟು ಕಾಲ ಅಲ್ಲಿ ಮತ ಹಾಕುವಂತಿಲ್ಲ ಎಂದು ಟೆಕ್ಸಾಸಿನ ಸಂವಿಧಾನವೇ ಹೇಳುತ್ತಿತ್ತು. 1965ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ತಳ್ಳಿಹಾಕಿತು. 1973ರಲ್ಲಿ, ಕನೆಕ್ಟಿಕಟ್ ರಾಜ್ಯದ ವಿದ್ಯಾರ್ಥಿನಿಯರ ಮೊಕದ್ದಮೆಯಲ್ಲಿ, ಸೇರುವಾಗ ಹೊರಗಿನವರಾಗಿದ್ದವರನ್ನು ಓದು ಮುಗಿಯುವವರೆಗೂ ಹೊರಗಿನವರೆಂದೇ ಎಣಿಸುವ ಶುಲ್ಕ ನಿಯಮವೂ ಬಿತ್ತು. ಆದರೆ ನಿವಾಸಕ್ಕೆ ನ್ಯಾಯವಾದ ಷರತ್ತು ಹಾಕುವ ಅಧಿಕಾರ ರಾಜ್ಯಗಳಲ್ಲೇ ಉಳಿಯಿತು.

ಅಷ್ಟರಲ್ಲಿ ನೆರವಿನ ರೂಪವೂ ಬದಲಾಗಿತ್ತು. 1952ರ ಕೊರಿಯಾ ಯುದ್ಧದ ಕಾನೂನು ಶುಲ್ಕವನ್ನು ಕಾಲೇಜಿಗೆ ನೇರವಾಗಿ ಕಟ್ಟಲಿಲ್ಲ. ಒಂಟಿಯಾಗಿದ್ದ ಮಾಜಿ ಸೈನಿಕನ ಕೈಗೆ ತಿಂಗಳಿಗೆ 110 ಡಾಲರ್ ಕೊಟ್ಟಿತು. ಊಟ, ಬಾಡಿಗೆ, ಪುಸ್ತಕ, ಶುಲ್ಕ ಎಲ್ಲವೂ ಅದರಲ್ಲೇ ಆಗಬೇಕು. ಶುಲ್ಕ ಹೆಚ್ಚಿದ್ದಲ್ಲಿ ಅದರ ಭಾರ ಅವನದೇ. 1956ರಲ್ಲಿ ಸೇವೆಯಲ್ಲಿ ಮಡಿದವರ ಮಕ್ಕಳಿಗೂ, 1968ರಲ್ಲಿ ವಿಧವೆಯರಿಗೂ ಶಿಕ್ಷಣ ನೆರವು ಸಿಕ್ಕಿತು. ಸೈನಿಕನ ಸೇವೆಯಲ್ಲಿ ಅವನ ಮನೆಯವರ ಪಾಲೂ ಇದೆಯೆಂದು ಸರಕಾರ ಒಪ್ಪಿಕೊಂಡದ್ದು ಹೀಗೆ, ತಡವಾಗಿ.

ನಿಜವಾದ ತಿರುವು ಬಂದದ್ದು ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳ ನಡುವೆ. ಸೇವೆಯಲ್ಲಿರುವ ಸೈನಿಕ ಎಲ್ಲಿ ನಿಯುಕ್ತನಾಗಿದ್ದಾನೋ ಆ ರಾಜ್ಯದಲ್ಲಿ ಅವನಿಗೂ ಹೆಂಡತಿ ಮಕ್ಕಳಿಗೂ ನಿವಾಸಿಗಳ ಶುಲ್ಕವೇ ಅನ್ವಯ ಎಂದು 2008ರ ಕಾನೂನೊಂದು ಹೇಳಿತು. ಓದಿನ ನಡುವೆ ತಂದೆಗೆ ವರ್ಗವಾದರೂ, ಓದು ನಿಲ್ಲಿಸದ ಮಗಳ ಶುಲ್ಕ ಏರುವಂತಿಲ್ಲ. ಅದೇ ವರ್ಷ ಬಂದ ಹೊಸ ಜಿಐ ಬಿಲ್ ತನ್ನ ಸೌಲಭ್ಯವನ್ನು ಪತ್ನಿಗೋ ಮಕ್ಕಳಿಗೋ ದಾಟಿಸಲು ಸೈನಿಕನಿಗೆ ಅವಕಾಶ ಕೊಟ್ಟಿತು. ಆದರೆ ಸರಕಾರಿ ಕಾಲೇಜುಗಳಲ್ಲಿ ಅದು ಕಟ್ಟುತ್ತಿದ್ದದ್ದು ನಿವಾಸಿಗಳ ಶುಲ್ಕದಷ್ಟನ್ನು ಮಾತ್ರ. ಸೇವೆ ಮುಗಿಸಿ ಹೊಸ ರಾಜ್ಯದಲ್ಲಿ ನೆಲೆಸಿದವನು ಮತ್ತೆ ಹೊರಗಿನವನಾದ, ಉಳಿದ ಹಣ ಅವನ ತಲೆಗೆ ಬಿತ್ತು.

2014ರ ಕಾನೂನು ಈ ಬಾಗಿಲನ್ನೂ ತೆರೆಯಿತು. ಸೇವೆಯಿಂದ ಬಿಡುಗಡೆಯಾಗಿ ಮೂರು ವರ್ಷದೊಳಗೆ ಕಾಲೇಜು ಸೇರಿದವರಿಂದ ಹೊರಗಿನವರ ಶುಲ್ಕ ಕೇಳುವ ಸರಕಾರಿ ಕಾಲೇಜುಗಳು ಜಿಐ ಬಿಲ್‌ನ ಹಣದ ಆಸೆ ಬಿಡಬೇಕು ಎಂದಿತು. ರಾಜ್ಯಗಳು ತಮ್ಮ ನಿಯಮ ತಿದ್ದಿಕೊಂಡವು. 2021ರಲ್ಲಿ ಆ ಮೂರು ವರ್ಷದ ಮಿತಿಯೂ ಹೋಯಿತು.

1944ರಿಂದ 2021, ಅಂದರೆ 77 ವರ್ಷ. ನೆರವು ಕೊಡಬೇಕೆಂದು ಒಪ್ಪಲು ಆ ದೇಶಕ್ಕೆ ಒಂದು ಯುದ್ಧ ಸಾಕಾಯಿತು. ಅದು ಅರ್ಜಿಯ ಕೊನೆಯ ಕಲಮಿನವರೆಗೆ ಅಡ್ಡಿಯಿಲ್ಲದೆ ತಲುಪಲು ಎಷ್ಟೋ ಯುದ್ಧಗಳು ಬೇಕಾದವು. ಸೈನಿಕ ತನ್ನ ಇಷ್ಟದಿಂದ ಊರೂರು ಅಲೆದವನಲ್ಲ. ಅವನನ್ನು ಅಲೆಸಿದ್ದು ಸರಕಾರದ ಆದೇಶ. ಅದೇ ಅಲೆದಾಟವನ್ನು ಅವನ ಮಕ್ಕಳ ಅರ್ಜಿಯಲ್ಲಿ ಕೊರತೆಯೆಂದು ಬರೆಯಬಾರದೆಂಬ ಇಷ್ಟು ಸರಳವಾದ ಮಾತನ್ನು ಕಾನೂನು ಕಲಿಯುವ ಹೊತ್ತಿಗೆ ಎಷ್ಟು ಮಕ್ಕಳು ಓದು ಬಿಟ್ಟು ಹೋದರೋ, ಆ ಲೆಕ್ಕ ಯಾವ ಕಾನೂನಿನ ಪುಟದಲ್ಲೂ ಸಿಗುವುದಿಲ್ಲ.